ಗುಲಾಬಿ ಉಪ್ಪು, ಶ್ರಾವಣ ಸೋಮವಾರ

ನಿವೃತ್ತಿಯಾಗಲು ವಯಸ್ಸು ಬೇಕಾಗಿಲ್ಲ, ಗೋಡೆ ಗಡಿಯಾರ ಬೇಕು. ನನಗೆ ಅದು ಮೂವತ್ತಾರನೇ ವಯಸ್ಸಿಗೇ ಸಿಕ್ಕಿತು. ನಾನು ದುಡಿಯುತ್ತಿದ್ದ ಕೊಲ್ಲಾಪುರದ ಮಾಂಸ ಸಂಸ್ಕರಣೆಯ ಘಟಕವನ್ನು ಮಾಲಕರು ಪುಣೆಗೆ ಸಾಗಿಸಿದರು. ‘ನೀವೂ ಬರ್ತೀರಾ?’ ಎಂದು ಕೇಳಿದಾಗ ನನ್ನ ಪರವಾಗಿ ನನ್ನ ಹೆಂಡತಿ ಇಲ್ಲ ಎಂದಳು. ಶಾಲು, ತೆಂಗಿನಕಾಯಿ, ಗಡಿಯಾರ ಕೊಟ್ಟು ಬೀಳ್ಕೊಟ್ಟರು. ಅರವತ್ತು ತುಂಬಿದವರಿಗೆ ಮಾಡುವ ಭಾಷಣವನ್ನೇ ನನಗೂ ಮಾಡಿ, ‘ಇನ್ನು ಮೊಮ್ಮಕ್ಕಳ ಜೊತೆ ಆರಾಮಾಗಿರಿ’ ಎಂದು ಹಾರೈಸಿದರು. ಆಗ ನನ್ನ ಮಗಳು ಒಂದನೇ ಇಯತ್ತೆಯಲ್ಲಿದ್ದಳು. ನಾನು ತಲೆ ಬಾಗಿಸಿ ಕಣ್ಣೊರೆಸಿಕೊಂಡೆ. ಕಣ್ಣೊರೆಸಿಕೊಳ್ಳುವ ಶೈಲಿಯನ್ನು ಹಿಂದಿನ ತಿಂಗಳು ನಿವೃತ್ತರಾದ ಗುಮಾಸ್ತರಿಂದ ಕದ್ದಿದ್ದೆ.

ಅನುಕರಣೆ ನನ್ನ ಹುಟ್ಟುರೋಗ. ಎಂಥ ದನಿಯನ್ನಾದರೂ ಎರಡು ದಿನದಲ್ಲಿ ಹಿಡಿಯುತ್ತೇನೆ. ಈಗ ಗಡಹಿಂಗ್ಲಜ ಹತ್ತಿರ ಮಾವನವರ ಬೆಲ್ಲದ ಗಾಣ ನೋಡಿಕೊಳ್ಳುತ್ತೇನೆ, ಹೊತ್ತು ಹೋಗದಿದ್ದರೆ ಮಾವನವರ ದನಿಯಲ್ಲಿ ಅತ್ತೆಯವರನ್ನು ಕರೆಯುತ್ತೇನೆ. ಪುಣೆಯ ಘಟಕಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಫೋನು ಮಾಡಿ, ‘ಸರ್, ಕೆಲಸದ ಬಗ್ಗೆ ಏನಾರ ಹೇಳ್ರೀ’ ಎನ್ನುತ್ತಾರೆ. ಹಿರಿಯರಂತೆ ಮಾತಾಡಲು ಸಿಕ್ಕ ಅವಕಾಶವನ್ನು ಯಾರು ಬಿಡುತ್ತಾರೆ?

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಹ್ಯಾಮ್, ಸಾಸೇಜ್, ಸಲಾಮಿ ಎಂದು ಹೋಟೆಲುಗಳಿಗೆ ಹೋಗುವ ಹದಗೊಳಿಸಿದ ಮಾಂಸಕ್ಕೆ ಮಾಮೂಲಿ ಉಪ್ಪಿನ ಜೊತೆ ನೈಟ್ರೈಟ್ ಬೆರೆತ ಉಪ್ಪು ಹಾಕುತ್ತಾರೆ. ಅದು ಇಲ್ಲದಿದ್ದರೆ ಗಾಳಿ ಸೇರದ ಮಾಂಸದೊಳಗೆ ಒಂದು ಜಾತಿಯ ಸೂಕ್ಷ್ಮಜೀವಿ ಬೆಳೆದು ಮನುಷ್ಯನ ನರಗಳನ್ನೇ ಹಿಡಿಯುವ ವಿಷ ಬಿಡುತ್ತದೆ. ಆ ಉಪ್ಪೇ ಹೆಚ್ಚಾದರೆ, ತಿಂದವನ ರಕ್ತ ಉಸಿರನ್ನು ಹೊತ್ತು ತಿರುಗುವುದನ್ನೇ ಬಿಟ್ಟುಬಿಡುತ್ತದೆ. ಒಂದು ಕಡೆ ಬಾವಿ, ಇನ್ನೊಂದು ಕಡೆ ಕೆರೆ. ನಡುವಿನ ಕಾಲುದಾರಿಯಲ್ಲಿ ತಕ್ಕಡಿ ಹಿಡಿದು ನಿಲ್ಲುವವನೇ ನಾನು, ಗುಣಮಟ್ಟದ ಸಹಾಯಕ. ನನಗಿಂತ ಹಿಂದಿನವರು ಆ ಉಪ್ಪನ್ನು ಮುಷ್ಟಿಯಲ್ಲಿ ಅಳೆಯುತ್ತಿದ್ದರಂತೆ. ಮನೆಯಲ್ಲಿ ಜಗಳವಾದ ದಿನ ಮುಷ್ಟಿ ದೊಡ್ಡದಾಗುತ್ತಿತ್ತು ಎಂದೂ ಕೇಳಿದ್ದೇನೆ. ತಕ್ಕಡಿಗೆ ಸಂಸಾರ ಇಲ್ಲದಿರುವುದು ಜಗತ್ತಿಗೇ ಕ್ಷೇಮ.

ನಾನು ನೂಲ ಹಳ್ಳಿಯ ಲಿಂಗಾಯತರ ಹುಡುಗ, ಮೊಟ್ಟೆಯನ್ನೂ ಮುಟ್ಟಿದವನಲ್ಲ. ಸಂದರ್ಶನದಲ್ಲಿ ಕುಳಿತಿದ್ದವರು ನಮ್ಮ ಮ್ಯಾನೇಜರು ಪಾಟೀಲ ಸಾಹೇಬರು. ಅಸಲಿ ಕೊಲ್ಲಾಪುರಿ. ಆದರೆ ಅಜ್ಜಿಯ ಮನೆ ಬೆಳಗಾವಿಯಾದ್ದರಿಂದ ಪ್ರೀತಿಗೆ ಕನ್ನಡ, ಸಿಟ್ಟಿಗೆ ಮರಾಠಿ ಎಂದು ಹಂಚಿಕೊಂಡಿದ್ದರು. ಪ್ರತಿ ಮಾತಿನ ಕೊನೆಗೆ ಒಮ್ಮೆ ಕೆಮ್ಮಿ, ‘ಕಾಯ್ ಸಮಜಲಂ?’ ಎಂದು ತಿಳಿಯಿತೋ ಇಲ್ಲವೋ ವಿಚಾರಿಸುತ್ತಿದ್ದರು.

“ಮಾಂಸ ತಿನ್ನಂಗಿಲ್ಲ ಅಂತಿ, ಮತ್ತ ಗುಣಮಟ್ಟ ಹೆಂಗ ನೋಡತಿಯೋ?”

“ಮೂಗ ಐತ್ರಿ, ತಕ್ಕಡಿ ಐತ್ರಿ, ಪರೀಕ್ಷಾ ಕೊಳವಿ ಅದಾವ್ರಿ. ನಾಲಗಿ ಮಾತಾಡಾಕ ಇಟ್ಕೊಂಡೇನ್ರಿ.”

“ಅದು ಭಾಳ ಉದ್ದ ಐತಿ.” ಕೆಮ್ಮು. “ಕಾಯ್ ಸಮಜಲಂ?”

ನೌಕರಿ ಸಿಕ್ಕಿತು. ಅವ್ವ ನನ್ನ ಕೆಲಸದ ಅಂಗಿಯನ್ನು ಕೋಲಿನಿಂದೆತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಪಗಾರವನ್ನು ಮಾತ್ರ ಬರಿಗೈಯಿಂದಲೇ ತೆಗೆದುಕೊಳ್ಳುತ್ತಿದ್ದಳು.

ಹುಡುಗರೇ, ನಿಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ, ‘ಇದು ಸುರಕ್ಷಿತವೇ?’ ಎಂಬುದು. ಇಚಲಕರಂಜಿಯ ಒಬ್ಬ ಹೋಟೆಲ್ ಮಾಲಕರು ಇದೇ ಪ್ರಶ್ನೆ ಹಿಡಿದು ಬಂದರು. ಅವರ ಅಪ್ಪ ಮಗ್ಗದವರು, ಅಣ್ಣ ಬಟ್ಟೆಗೆ ಬಣ್ಣ ಹಾಕುವವರು. “ಕೆಮಿಕಲ್ ಇಲ್ಲದ ಸಾಸೇಜ್ ಮಾಡಿ ಕೊಡ್ರಿ, ಗಿರಾಕಿ ಕೇಳತಾರ” ಎಂದರು. ಸಾಹೇಬರು ಉತ್ಸಾಹದಿಂದ, ಮಾಡಿದ ದಿನವೇ ಬೇಯಿಸಿ ತಿನ್ನುವಂಥದ್ದನ್ನು ನೈಟ್ರೈಟ್ ಇಲ್ಲದೆ ಮಾಡಿಸಿ ಕಳಿಸಿದರು. ಬೆಂದ ಮೇಲೆ ಅದು ನೆನೆದ ರಟ್ಟಿನ ಬಣ್ಣಕ್ಕೆ ತಿರುಗಿತು. ನೈಟ್ರೈಟ್ ಬಣ್ಣ ಕಾಯದಿದ್ದರೆ ಎಲ್ಲ ಮಾಂಸದ ಹಣೆಬರಹವೂ ಅದೇ. ಹೋಟೆಲಿನವರು ಸಂಜೆಯೇ ಫೋನು ಮಾಡಿದರು.

“ಸಾಹೇಬ, ಇದು ಹಳೇದು ಐತೇನ್ರಿ? ಸತ್ತಂಗ ಕಾಣತೈತಿ!”

“ಸತ್ತಿದ್ದಕ್ಕ ಅದನ್ನ ಮಾಂಸ ಅಂತಾರ” ಎಂದರು ಸಾಹೇಬರು.

“ಕೆಮಿಕಲ್ ಬ್ಯಾಡ ಅಂದಿದ್ದು ಖರೇ. ಬಣ್ಣ ಬ್ಯಾಡ ಅಂದಿಲ್ರಿ. ನಮ್ಮ ಅಣ್ಣನ ಡೈಯಿಂಗಿನ್ಯಾಗ ಪಕ್ಕಾ ಬಣ್ಣ ಐತಿ, ಕಳಸ್ಲ್ಯಾ? ಎಷ್ಟ ಒಗದ್ರೂ ಹೋಗಂಗಿಲ್ಲ!”

ಜನಕ್ಕೆ ಔಷಧ ಬೇಡ, ಗುಣ ಬೇಕು. ಈಗ ಗಾಣದಲ್ಲೂ ಅದೇ ಕಥೆ: ಯಾವ ಪುಡಿಯನ್ನೂ ಹಾಕದ ಬೆಲ್ಲ ಬೇಕು, ಆದರೆ ಅದು ಬಂಗಾರದಂತೆ ಹೊಳೆಯಬೇಕು. ನೀವು ಮಾತ್ರ ಕೇಳಿದವರಿಗೆ ನೇರವಾಗಿ ಹೇಳಿ: ಅಳತೆಯಲ್ಲಿ ಹಾಕಿದರೆ ಅದು ವಿಷದಿಂದ ಕಾಯುತ್ತದೆ, ಹಾಗಂತ ದಿನಾ ತಿನ್ನುವ ಪದಾರ್ಥ ಇದಲ್ಲ, ಕರಿಕಾಗುವಂತೆ ಹುರಿಯಲೂಬೇಡಿ, ಹಾಗೆ ಹುರಿದಾಗ ಆಗಬಾರದ ವಸ್ತುಗಳು ಹುಟ್ಟುತ್ತವೆ. ಇಷ್ಟು ಹೇಳಿದರೆ ಮಾರಾಟ ವಿಭಾಗದವರು ನಿಮ್ಮನ್ನು ಊಟಕ್ಕೆ ಕರೆಯುವುದಿಲ್ಲ. ಕರೆದರೂ ನಾನು ತಿನ್ನುತ್ತಿರಲಿಲ್ಲವಲ್ಲ.

ನನ್ನ ಊಟವೆಲ್ಲ ಶಾಂತಕ್ಕನ ಕ್ಯಾಂಟೀನಿನಲ್ಲಿ. ಶಾಂತಕ್ಕ ಗಡಹಿಂಗ್ಲಜದವಳು. ಮಾಂಸದ ಘಟಕದ ಅಂಗಳದಲ್ಲೇ, ಮಾಂಸದ ವಾಸನೆಯೂ ಹೊಸ್ತಿಲು ದಾಟದ ಅಡುಗೆಮನೆ ಕಟ್ಟಿದವಳು. ನಮ್ಮಲ್ಲಿ ಅರ್ಧ ಜನ ಸೋಮವಾರ ಉಪವಾಸ, ಶ್ರಾವಣದಲ್ಲಂತೂ ಮುಕ್ಕಾಲು ಜನ. ಆಗ ಅವಳ ಸಾಬುದಾಣಿ ಖಿಚಡಿಯೇ ಗತಿ. ಉಪವಾಸಕ್ಕೆ ಮಾಮೂಲಿ ಉಪ್ಪು ನಡೆಯುವುದಿಲ್ಲವಾದ್ದರಿಂದ ಸೈಂಧವ, ಅಂದರೆ ಗುಲಾಬಿ ಬಣ್ಣದ ಕಲ್ಲುಪ್ಪನ್ನು ಕುಟ್ಟಿ ಹಾಕುತ್ತಿದ್ದಳು. ಅವಳದೊಂದು ಕಟ್ಟಳೆಯಿತ್ತು: ಮಾಡಿದ್ದನ್ನು ರುಚಿ ನೋಡುವಂತಿಲ್ಲ. ಮೊದಲು ಗೋಡೆಯ ಮೇಲಿನ ಮಹಾದೇವನ ಪಟಕ್ಕೆ ನೈವೇದ್ಯ, ಆಮೇಲೆ ಗೇಟು ಬಿಟ್ಟು ಬರಲಾಗದ ವಾಚಮನ್ ಬಾಪು ಕಾಕಾಗೆ ಒಂದು ತಾಟು, ಆಮೇಲೆ ನಾವೆಲ್ಲ ಸಾಲಾಗಿ. ಪಾಟೀಲ ಸಾಹೇಬರು ಬಂದು ಕೂತು ಮೊದಲ ತುತ್ತು ಎತ್ತುವವರೆಗೆ ಯಾರೂ ತಾಟಿಗೆ ಕೈ ಹಾಕುತ್ತಿರಲಿಲ್ಲ.

ಕೊಲ್ಲಾಪುರದಲ್ಲಿ ಶ್ರಾವಣ ಬಂತೆಂದರೆ ಮಾಂಸ ಕೇಳುವವರಿಲ್ಲ. ಯಂತ್ರಗಳಿಗೆ ರಜೆ, ಸಾಹೇಬರಿಗೆ ಬೇಸರ. ಬೇಸರ ಕಳೆಯಲು ಅವರು ಹೋಟೆಲಿನವರನ್ನು ಕರೆದು ಸುರಕ್ಷತೆಯ ಭಾಷಣ ಮಾಡುತ್ತಿದ್ದರು. ಜಾಗ ಕ್ಯಾಂಟೀನು, ಏಕೆಂದರೆ ಅಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತಿತ್ತು. ಗಾಜಿನ ಭರಣಿಯೊಂದರಲ್ಲಿ ನೈಟ್ರೈಟ್ ಉಪ್ಪು ತುಂಬಿಸಿ, ಎತ್ತಿ ಹಿಡಿದು ಹೇಳುತ್ತಿದ್ದರು:

“ನೋಡ್ರಿ, ಇದಕ್ಕ ಮುದ್ದಾಂ, ಬೇಕಂತನ, ಗುಲಾಬಿ ಬಣ್ಣ ಹಾಕಿರತಾರ. ಯಾಕ? ಅಡಗಿ ಉಪ್ಪು ಅಂತ ಯಾರೂ ತಪ್ಪಿ ತಿನಬಾರದು. ಜಗತ್ತೇ ಮೆಚ್ಚಿದ ಪದ್ಧತಿ! ಕಾಯ್ ಸಮಜಲಂ?”

ಎಲ್ಲರಿಗೂ ಸಮಜಿತು. ನನಗೂ ಸಮಜಿತು, ಆ ಕೆಮ್ಮು ಎಲ್ಲಿ ಬರಬೇಕೆಂಬುದು ಕೂಡ. ಭಾಷಣದ ನಂತರ ಭರಣಿಯನ್ನು ಒಳಗೆ ಒಯ್ಯಬೇಕಿತ್ತು. ಒಂದು ಶನಿವಾರ ಸಾಹೇಬರಿಗೆ ಚಪ್ಪಾಳೆ ತುಸು ಜಾಸ್ತಿಯೇ ಬಿದ್ದವು. ಆ ಸಂತೋಷದಲ್ಲಿ ಭರಣಿ ಅಡುಗೆಮನೆಯ ಕಿಟಕಿಯಲ್ಲೇ ಉಳಿಯಿತು.

ಸೋಮವಾರ ಶಾಂತಕ್ಕನ ಸೈಂಧವ ಮುಗಿದಿತ್ತು. ಕಿಟಕಿಯಲ್ಲಿ ನೋಡುತ್ತಾಳೆ: ಸಣ್ಣಗೆ ಪುಡಿ ಮಾಡಿದ ಗುಲಾಬಿ ಉಪ್ಪು. ಚೀಟಿ ಇಂಗ್ಲೀಷಿನಲ್ಲಿತ್ತು, ಅದೂ ಗೋಡೆಯ ಕಡೆ ಮುಖ ಮಾಡಿತ್ತು. ನಾವು ಯಾರೋ ಪುಣ್ಯಾತ್ಮರು ತನಗೆ ಕುಟ್ಟುವ ಕಷ್ಟ ಕೊಡಬಾರದೆಂದು ತಂದಿಟ್ಟಿದ್ದೇವೆ ಎಂದು ಅವಳು ತಿಳಿದಳು. ಎಂದೂ ಯಾವ ಕೆಲಸಕ್ಕೂ ಒದಗದ ನಮ್ಮ ಮೇಲೆ ಅವಳಿಗೆ ಅಷ್ಟೊಂದು ಒಳ್ಳೆಯ ಅಭಿಪ್ರಾಯ ಇತ್ತೆಂಬುದು ಆಮೇಲೆ ಗೊತ್ತಾಯಿತು.

ಅಂದು ಮಧ್ಯಾಹ್ನ ಸಾಹೇಬರು ಭೇಟಿಗೆ ಬಂದಿದ್ದ ಅತಿಥಿಗಳನ್ನು ಕಳಿಸುವುದರಲ್ಲಿ ತಡಮಾಡಿದರು. ತಾಟುಗಳ ಮುಂದೆ ಎಲ್ಲರೂ ಕಾಯುತ್ತಿದ್ದರು. ನಾನು ಅತಿಥಿಗಳ ಗಾಡಿಯನ್ನು ದಾರಿಗೆ ಹಚ್ಚಿ ಗೇಟಿನಿಂದ ವಾಪಸು ಬರುತ್ತಿದ್ದೆ. ಬಾಪು ಕಾಕಾ ತಮ್ಮ ಕೋಣೆಯಲ್ಲಿ ಖಾಲಿ ತಾಟಿನೆದುರು ಗೋಡೆಗೊರಗಿ ಕೂತಿದ್ದರು. ಹುಪರಿಯವರು. ಹರೆಯವೆಲ್ಲ ಬೆಳ್ಳಿಯ ಗೆಜ್ಜೆ ಮಾಡುವುದರಲ್ಲಿ ಕಳೆದು, ಕಣ್ಣು ಮಂಜಾದ ಮೇಲೆ ನಮ್ಮ ಗೇಟಿಗೆ ಬಂದವರು.

“ಮಲ್ಲ್ಯಾ, ತಲಿ ಗರಗರ ತಿರಗಾಕತ್ತೈತಿ ನೋಡಪಾ. ದಮ್ಮು ಹತ್ತೈತಿ.”

“ಉಪವಾಸದ ಹೆಸರೀಲೆ ಎರಡ ತಾಟ ಹೊಡದಿರಬೇಕು” ಎಂದು ಚೇಷ್ಟೆ ಮಾಡುತ್ತ ಬಗ್ಗಿ ನೋಡಿದೆ. ಕಾಕಾನ ತುಟಿ ತೊಳೆಯದ ಬೆಳ್ಳಿಯ ನೀಲಿಗಪ್ಪು ಬಣ್ಣಕ್ಕೆ ತಿರುಗಿತ್ತು. ಉಗುರುಗಳೂ ಹಾಗೆಯೇ. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಾರೆ ಕಂಡರೆ ಒಂದು ಕ್ಷಣ ಪುಸ್ತಕವೇ ಸುಳ್ಳೆನಿಸುತ್ತದೆ. ಮರುಕ್ಷಣ ಕಿಟಕಿಯ ಭರಣಿ ನೆನಪಾಯಿತು. ಅಂಗಳದಾಚೆ ಇಡೀ ಘಟಕ ತಾಟಿನ ಮುಂದೆ ಕೂತಿತ್ತು.

ಗೇಟಿನ ಕೋಣೆಯಲ್ಲಿ ಲಾರಿಗಳನ್ನು ಕರೆಯುವ ಮೈಕಿತ್ತು. ಹಿಡಿದು ಒದರಿದೆ: “ಖಿಚಡಿ ತಿನಬ್ಯಾಡ್ರೀ! ವಿಷ ಐತಿ!”

ಕ್ಯಾಂಟೀನಿನಿಂದ ಗೊಳ್ಳೆಂದು ನಗು ಕೇಳಿಸಿತು. ಮಲ್ಲು ಮತ್ತೆ ಶುರುಮಾಡಿದ ಎಂದು ಯಾರೋ ಸಿಳ್ಳೆ ಹಾಕಿದರು. ವರ್ಷಗಟ್ಟಲೆ ಸಂಪಾದಿಸಿದ ಹೆಸರು ಇಷ್ಟು ಚೆನ್ನಾಗಿ ಕೆಲಸಕ್ಕೆ ಬಂದದ್ದು ಅದೇ ಮೊದಲು. ನನ್ನ ದನಿಗೆ ಬೆಲೆ ಇಲ್ಲವೆಂದ ಮೇಲೆ ಬೆಲೆ ಇದ್ದವರ ದನಿಯನ್ನೇ ತೆಗೆದೆ.

“ಥಾಂಬಾ! ಕುಣೀ ಘಾಸ ಉಚಲಾಯಚಾ ನಾಹೀ!” ಕೆಮ್ಮಿದೆ. “ಕಾಯ್ ಸಮಜಲಂ?”

ನಿಲ್ಲಿ, ಒಬ್ಬರೂ ತುತ್ತೆತ್ತಬಾರದು ಎಂಬ ಆ ಹುಕುಮು ಹೊರಟಾಗ ಪಾಟೀಲ ಸಾಹೇಬರು ಆಗತಾನೇ ಕೂತು ತುತ್ತನ್ನು ಬಾಯಿಯ ಹತ್ತಿರ ತಂದಿದ್ದರಂತೆ. ಜೀವಮಾನವಿಡೀ ಬೇರೆಯವರನ್ನು ನಿಲ್ಲಿಸಿದ ದನಿ ಅಂದು ಅವರನ್ನೇ ನಿಲ್ಲಿಸಿತು. ಅವರ ಕೈ ತಾಟಿಗಿಳಿಯಿತು. ಸಾಹೇಬರು ಇಳಿಸಿದ್ದನ್ನು ಕಂಡು ಎಲ್ಲರೂ ಕೈ ಹಿಂತೆಗೆದರು. “ನನ್ನ ಆವಾಜ ಇಷ್ಟ ಕೆಟ್ಟ ಐತೇನೋ?” ಎಂದು ಅವರು ಕೇಳಿದ್ದು ಬಹಳ ದಿನಗಳ ಮೇಲೆ.

ಕಾಕಾನನ್ನು ಸಾಹೇಬರ ಕಾರಿನಲ್ಲಿ ಮಲಗಿಸಿದೆವು. ಹೊರಡುವ ಮುಂಚೆ ನಾನು ಓಡಿಹೋಗಿ ಭರಣಿಯನ್ನು ಎತ್ತಿಕೊಂಡೆ. ನನ್ನ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಇಂಥ ಹೊತ್ತಿನಲ್ಲಿ ರೋಗಿಯ ಜೊತೆ ಅವನು ತಿಂದದ್ದೂ ದವಾಖಾನೆಗೆ ಹೋಗಬೇಕು. ಸೂಜಿಗೆ ಬಂದ ಕಾಕಾನ ರಕ್ತ ಕೆಂಪಗಿರಲಿಲ್ಲ, ಕಡುಕಂದಾಗಿತ್ತು. ಭರಣಿಯ ಚೀಟಿ ಓದಿದ ಡಾಕ್ಟರಮ್ಮ ಮರುಪ್ರಶ್ನೆ ಹಾಕಲಿಲ್ಲ. ಆಮ್ಲಜನಕ ಹಚ್ಚಿ, ಗಾಢ ನೀಲಿ ಬಣ್ಣದ ಔಷಧವನ್ನು ರಕ್ತನಾಳದೊಳಗೆ ಬಿಟ್ಟರು. ನೀಲಿಯಾದವನಿಗೆ ನೀಲಿಯದೇ ಮದ್ದು.

ಸಂಜೆಯ ಹೊತ್ತಿಗೆ ಕಾಕಾನ ತುಟಿಗೆ ಬಣ್ಣ ಮರಳಿತು. ಮರುದಿನ ನಾನು ಹೋದಾಗ ಮಂಚದ ಮೇಲೆ ಎದ್ದು ಕೂತು, ಕಿವಿಯ ಹತ್ತಿರ ಕರೆದು ಹೇಳಿದರು: “ಮಲ್ಲ್ಯಾ, ಯಾರಿಗೂ ಹೇಳಬ್ಯಾಡ. ಮೂತ್ರ ಹಸರ-ನೀಲಿ ಹೊಂಟೈತಿ. ನಾ ಈಗ ಇಚಲಕರಂಜಿ ಡೈಯಿಂಗ್ ಹೌಸ್ ಆಗೇನಿ!”

ನಾನು ಯಾರಿಗೂ ಹೇಳಲಿಲ್ಲ. ಮೈಕಿನಲ್ಲಿ ಒಮ್ಮೆ ಪ್ರಸ್ತಾಪಿಸಿದೆ, ಅಷ್ಟೇ.

ಕಾಕಾ ಗೇಟಿಗೆ ಮರಳಿದರು. ಶಾಂತಕ್ಕ ಮಾತ್ರ ಮರಳಲಿಲ್ಲ. ಗಡಹಿಂಗ್ಲಜಕ್ಕೆ ಹೋದವಳು ಫೋನೂ ಎತ್ತಲಿಲ್ಲ. ತಪ್ಪು ತಮ್ಮದೆಂದು ಸಾಹೇಬರು ಎಲ್ಲರೆದುರೇ ಒಪ್ಪಿಕೊಂಡಿದ್ದರು. ಆದರೆ ಜನ ಡಬ್ಬಿ ಕಟ್ಟಿಕೊಂಡು ಬರತೊಡಗಿದ್ದರು. ಅವಳ ಕೈಯಿಂದ ಇನ್ನು ಯಾರಾದರೂ ಉಣ್ಣುತ್ತಾರೋ ಇಲ್ಲವೋ ಎಂಬುದು ನಮಗೇ ಗೊತ್ತಿರಲಿಲ್ಲ. ನೂಲಕ್ಕೆ ಹೋಗುವಾಗ ನಾನು ಅವಳ ಮನೆಗೆ ಹೋದೆ. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಗಿಸಲೆಂದು ಸಾಹೇಬರ ಕೆಮ್ಮು ಕೆಮ್ಮಿದೆ. ಅವಳು ತಲೆ ಎತ್ತಲಿಲ್ಲ.

“ಈ ಕೈಗೆ ಇನ್ನ ಯಾರ ತಾಟ ಒಡ್ಡತಾರೋ ಮಲ್ಲೂ?”

“ಕಾಕಾ ಆರಾಮ ಆಗ್ಯಾರಲ್ಲ ಅಕ್ಕಾ.”

“ಅವರು ಆರಾಮ ಆದರು. ಕೈ ಆಗಬೇಕಲ್ಲ.” ಸಿಪ್ಪೆ ಆಚೆ ಎಸೆದು ಕೇಳಿದಳು: “ಆ ಉಪ್ಪಿಗೆ ಬಣ್ಣ ಯಾಕ ಹಾಕೀರಿ?”

“ನಾವು ಹಾಕಿಲ್ಲವಾ, ಬರೂವಾಗನ ಹಾಕಿರತಾರ. ಅಡಗಿ ಉಪ್ಪು ಅಂತ ಯಾರೂ ತಪ್ಪಿ ತಿನಬಾರದು ಅಂತ. ಪರದೇಶದಾಗಿನ ಪದ್ಧತಿ.”

ಅವಳು ಈಗ ತಲೆ ಎತ್ತಿದಳು. “ಅವರ ದೇಶದಾಗ ಸೋಮವಾರ ಬರಂಗಿಲ್ಲೇನು?”

ನಾನು ರಸಾಯನಶಾಸ್ತ್ರದ ಪದವೀಧರ. ಅಂದು ಅವಳ ಪಕ್ಕ ಕೂತು ಶೇಂಗಾ ಸುಲಿಯತೊಡಗಿದೆ.

ಆ ಪ್ರಶ್ನೆಯನ್ನು ಸಾಹೇಬರಿಗೆ ಮುಟ್ಟಿಸಿದೆ, ಅವಳ ದನಿಯಲ್ಲೇ. ಅವರಿಗೆ ಮೊದಲು ಹೊಳೆದ ಉಪಾಯವೆಂದರೆ ಕ್ಯಾಂಟೀನಿನಲ್ಲಿ ಸೈಂಧವವನ್ನು ನಿಷೇಧಿಸುವುದು. ಶಾಂತಕ್ಕ ಈ ಸಲ ಫೋನೆತ್ತಿ ಗುಡುಗಿದಳು: “ನಮ್ಮ ದೇವರ ಉಪ್ಪು ನಿಮ್ಮ ಕಂಪನಿಗಿಂತ ಮೊದಲಿಂದ ಗುಲಾಬಿ ಐತ್ರಿ. ಅದು ಯಾಕ ಹೊರಗ ಹೋಗಬೇಕು? ಹೋಗೂದಿದ್ರ ನಿಮ್ಮದು ಹೋಗಲಿ. ಇಲ್ಲಂದ್ರ ನಾ ಬರಂಗಿಲ್ಲ.”

ಸಾಹೇಬರು ಸೋತರು. ಭರಣಿ ಹೋಯಿತು, ಭಾಷಣ ಹೋಯಿತು. ನೈಟ್ರೈಟ್ ಉಪ್ಪು ಗೋದಾಮಿಗೆ ಬಂದ ದಿನವೇ ತೂಗಿ, ಕುಟ್ಟಿದ ಕಾಳುಮೆಣಸು-ಕೊತ್ತಂಬರಿ ಬೀಜದಲ್ಲಿ ಬೆರೆಸಿಡುವ ಪದ್ಧತಿ ಬಂತು. ಯಾರ ಕಣ್ಣಿಗೂ ಅದು ಉಪ್ಪೆಂದು ಕಾಣುವುದಿಲ್ಲ. ಮೇಲೆ ಬೀಗ. ಪುಣೆಯಲ್ಲಿ ಆ ಮಸಾಲೆಯನ್ನು ತೂಗುವಾಗ ಬೇಸರಪಡುವ ಹುಡುಗರೇ, ಅದರ ಹಿಂದೆ ಒಂದು ಸೋಮವಾರ ಇದೆ.

ಶಾಂತಕ್ಕ ಬಂದಳು. ಶ್ರಾವಣದ ಕೊನೆಯ ಸೋಮವಾರ, ಸೈಂಧವದ ಕಲ್ಲನ್ನು ನಮ್ಮೆದುರೇ ಕುಟ್ಟಿ ಖಿಚಡಿ ಮಾಡಿದಳು. ನಾವೆಲ್ಲ ಸಾಲಾಗಿ ಕೂತೆವು. ಖಾಲಿ ತಾಟುಗಳನ್ನು ನೋಡುತ್ತ ಒಬ್ಬನಿಗೆ ಹೊಟ್ಟೆನೋವು ಬಂತು, ಇನ್ನೊಬ್ಬನಿಗೆ ನಿರ್ಜಲ ಉಪವಾಸದ ಹರಕೆ ನೆನಪಾಯಿತು. ಸಾಹೇಬರ ಫೋನು ಗಂಟೆ ಬಾರಿಸದೆಯೇ ಬಂತು, ಅವರು ‘ಹಲೋ’ ಎನ್ನುತ್ತ ಮೂಲೆಗೆ ಸರಿದರು. ಇವರನ್ನೆಲ್ಲ ಆಡಿಕೊಳ್ಳೋಣವೆಂದರೆ ನನ್ನ ಕೈಯೂ ನನ್ನ ತೊಡೆಯ ಕೆಳಗೇ ಇತ್ತು. ಆ ಹೆದರಿಕೆಯನ್ನು ತೂಗಿ ನೋಡಲು ತಕ್ಕಡಿ ಬೇಕಿರಲಿಲ್ಲ.

ಶಾಂತಕ್ಕ ಎಲ್ಲವನ್ನೂ ನೋಡಿದಳು. ನೈವೇದ್ಯದ ಬಟ್ಟಲು ಕೈಯಲ್ಲಿತ್ತು. ಪಟದ ಕಡೆ ತಿರುಗಿ, “ಯಪ್ಪಾ, ಇದೊಂದ ಸಲ ತಡಕೋ” ಎಂದು ಅದರಿಂದಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಆಮೇಲೆ ಬಾಗಿಲಲ್ಲಿ ಬೆಳಕಿಗೆ ಮುಖವಿಟ್ಟು ಕೂತಳು. ನಾವೆಲ್ಲ ಅವಳ ತುಟಿಯನ್ನೇ ನೋಡುತ್ತ ಕೂತೆವು.

“ಏನ್ ಹಂಗ ನೋಡಾಕತ್ತೀರೋ?” ಎಂದಳು ಅವಳೇ. “ನಾ ಏನ್ ಹೊಸಾ ಮದಲಗಿತ್ತಿ ಏನು?”

ಯಾರೂ ನಗಲಿಲ್ಲ. ಆಗ ಅಂಗಳದಿಂದ ಚಪ್ಪಲಿಯ ಸದ್ದು ಬಂತು. ಗೇಟು ಬಿಟ್ಟು ಎಂದೂ ಕದಲದ ಬಾಪು ಕಾಕಾ ತಮ್ಮ ತಾಟನ್ನು ತಾವೇ ಹಿಡಿದು ಬಂದಿದ್ದರು. ಹೊರಗೆ ಲಾರಿಯೊಂದು ಹಾರ್ನು ಹೊಡೆಯುತ್ತಿತ್ತು. ಅವರು ಲಕ್ಷ್ಯ ಕೊಡದೆ ಬಾಗಿಲ ಮುಂದೆಯೇ ಕೂತು ತಾಟು ಚಾಚಿದರು.

“ಅಕ್ಕಾ, ಹಾಕು.”

“ತಡೀರಿ ಕಾಕಾ. ಇನ್ನಷ್ಟ ಹೊತ್ತಾಗಲಿ.”

“ನನಗ ಹಸದೈತಿ.”

ಅವಳು ಬಡಿಸಿದಳು. ಕಾಕಾ ಅವಳ ತುಟಿಯ ಕಡೆ ನೋಡಲೂ ಇಲ್ಲ. ಒಂದು ತುತ್ತು ಉಂಡರು, ಅಗಿದರು, ಇನ್ನೊಂದು ಉಂಡರು. ಆಮೇಲೆ ಮುಖ ಸಿಂಡರಿಸಿ ತಾಟನ್ನು ಅವಳ ಮುಂದೆ ಹಿಡಿದರು.

“ಉಪ್ಪ ಕಮ್ಮಿ ಆಗೈತೆವಾ.”

ಶಾಂತಕ್ಕ ಎದ್ದು ಒಳಗೆ ಹೋಗಿ ಸೈಂಧವದ ಬಟ್ಟಲು ತಂದಳು. ಹಾಕಿದ ಚಿಟಿಕೆ ಅರ್ಧ ತಾಟಿಗೆ, ಅರ್ಧ ನೆಲಕ್ಕೆ ಬಿತ್ತು. ಕಾಕಾ ಚೆನ್ನಾಗಿ ಕಲಸಿಕೊಂಡು ಉಣ್ಣತೊಡಗಿದರು.